ಕೋಳಿಗೂಡಿನ ಕ್ರೆಸ್ಟ್ ಗೇಟು

ನೀರಾವರಿ ಇಲಾಖೆಯಿಂದ ನಿವೃತ್ತರಾದ ಎಂಜಿನಿಯರ್ ಒಬ್ಬರೂ ಇಲ್ಲದ ಬಡಾವಣೆ ಮೈಸೂರಿನಲ್ಲಿ ಇರಲಾರದು. ಬೆಳಿಗ್ಗೆ ವಾಕಿಂಗ್ ಹೊರಟವರು ಕಟ್ಟುತ್ತಿರುವ ಮನೆ ಕಂಡರೆ ನಿಲ್ಲುತ್ತಾರೆ. ಕ್ಯೂರಿಂಗ್ ಸಾಲದು ಅನ್ನುತ್ತಾರೆ. ಮೇಸ್ತ್ರಿ ಅವರನ್ನು ಮನೆ ಓನರಿನ ಮಾವ ಅಂದುಕೊಂಡು ಎರಡು ಕೊಡ ನೀರು ಹೆಚ್ಚಿಗೆ ಹೊಯ್ಯುತ್ತಾನೆ.

ಸರ್ವೀಸಿನಲ್ಲಿ ಇದ್ದಷ್ಟು ಕಾಲ ಇಂಥವರು ಬರೆದ ಡ್ರಾಯಿಂಗಿನ ಮೇಲೆ ಮೇಲಿನವರ ಕೆಂಪು ಶಾಯಿ ಬೀಳದೇ ಹೋದದ್ದಿಲ್ಲ. ಹಾಗಾಗಿ ನಿವೃತ್ತಿಯ ಮೇಲೆ ಒಂದು ಪ್ರಾಜೆಕ್ಟ್ ಬೇಕೇ ಬೇಕು. ಡಿಸೈನೂ ತಮ್ಮದೇ, ಮಂಜೂರಾತಿಯೂ ತಮ್ಮದೇ, ಕ್ವಾಲಿಟಿ ಕಂಟ್ರೋಲೂ ತಮ್ಮದೇ ಆಗಿರಬೇಕು. ನಮ್ಮ ಬೀದಿಯ ಸಾಹೇಬರಿಗೆ ಅದನ್ನು ಒದಗಿಸಿಕೊಟ್ಟವರು ಅವರ ಮನೆಯವರೇ. ತವರಿನಿಂದ ಬರುವಾಗ ಆರು ನಾಟಿ ಕೋಳಿ ತಂದು ಹಿತ್ತಲಲ್ಲಿ ಬಿಟ್ಟರು. ರಾತ್ರಿ ಮಂಕರಿ ಬೋರಲು ಹಾಕಿ ಮೇಲೊಂದು ಕಲ್ಲು ಹೇರಿದರೆ ಆಯಿತು ಅನ್ನುವುದು ಅವರ ಲೆಕ್ಕ.

“ಕಲ್ಲು ಎಷ್ಟು ಕೆಜಿ?” ಅಂದರು ಸಾಹೇಬರು. ಮಂಕರಿಯ ಕಥೆ ಮುಗಿಯಿತು ಅಂತ ಅಮ್ಮಾವ್ರಿಗೆ ಆಗಲೇ ಗೊತ್ತಾಯಿತು.

ಗೂಡಿನ ಗೋಡೆ, ಸೂರು ಎಲ್ಲ ಒಂದು ವಾರದಲ್ಲಿ ಎದ್ದವು. ಕೆಲಸ ನಿಂತದ್ದು ಬಾಗಿಲಲ್ಲಿ. ಗೂಡಿಗೆ ಎರಡು ಬಾಗಿಲು: ಒಳಗೆ ಹೋಗಿ ಗುಡಿಸುವ ಮನುಷ್ಯರಿಗೊಂದು, ಕೋಳಿಗಳಿಗೊಂದು. ಮನುಷ್ಯರ ಬಾಗಿಲಿಗೇ ಮೊದಲ ಜಗಳ ಹತ್ತಿತು.

“ಒಳಕ್ಕೆ ತೆರೀಬೇಕು ಸಾ. ಹೊರಕ್ಕಾದ್ರೆ ತೆಗೀತಿದ್ದಂಗೇ ಕೋಳಿ ಕಾಲ್ಸಂದೀಲಿ ನುಗ್ತವೆ,” ಅಂದರು ಆಚಾರ್ರು.

“ನೆಲಕ್ಕೆ ನಾಲ್ಕಿಂಚು ಭತ್ತದ ಹೊಟ್ಟು ಹಾಕ್ತೀವಿ, ಆಚಾರ್ರೇ. ಕೋಳಿ ಕೆದಕೀ ಕೆದಕೀ ಅದನ್ನ ಬಾಗಿಲ ಬುಡಕ್ಕೇ ತಂದು ರಾಶಿ ಹಾಕುತ್ತೆ. ಆಮೇಲೆ ಒಳಕ್ಕೆ ಹೆಂಗ್ರೀ ತಳ್ತೀರಿ? ಇದು ಸಿಲ್ಟು ಕಣ್ರೀ, ಸಿಲ್ಟು!”

ಸಾಹೇಬರು ಹೇಳಿದ್ದು ನೂರಕ್ಕೆ ನೂರು ಸರಿ. ಅಂಗಡಿಯಲ್ಲಿ ಕೋಳಿ ಜಾಲರಿ ಅಂತ ಮಾರುವ ತೆಳು ತಂತಿ ಕೋಳಿಯನ್ನೇನೋ ಒಳಗಿಡುತ್ತದೆ, ಆದರೆ ಬೀದಿನಾಯಿ ಹಲ್ಲು ಹಾಕಿ ಎಳೆದರೆ ಕಿತ್ತುಬರುತ್ತದೆ, ಬಾಗಿಲಿಗೆ ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್ಶೇ ಆಗಬೇಕು ಅಂದದ್ದೂ ಸರಿ. ಮಳೆಗಾಲಕ್ಕೆ ಮರ ಉಬ್ಬುತ್ತದೆ, ಸುತ್ತ ಸ್ವಲ್ಪ ಸಂದು ಬಿಡಿ ಅಂದದ್ದೂ ಸರಿ. ಆ ಸಂದಿನಲ್ಲಿ ಮುಂಗುಸಿ ಮೂತಿ ತೂರಿಸದ ಹಾಗೆ ಪಟ್ಟಿ ಹೊಡೀರಿ ಅಂದದ್ದಂತೂ ಬಹಳ ಸರಿ. ಇಂಥವರ ಜೊತೆ ಬಾಳುವವರ ಕಷ್ಟವೇ ಇದು. ತಪ್ಪು ಹೇಳಿದ್ದರೆ ಬೈದು ಸುಮ್ಮನಿರಿಸಬಹುದಿತ್ತು.

ಕೋಳಿಯ ಬಾಗಿಲು ಹನ್ನೆರಡು ಇಂಚು ಅಗಲ, ಹದಿನಾಲ್ಕು ಇಂಚು ಎತ್ತರ. ಅದನ್ನು ಸಾಹೇಬರು ಒಂದು ದಿನವೂ ಬಾಗಿಲು ಅಂದವರಲ್ಲ, ಗೇಟು. ಗೇಟು ಅಂದಮೇಲೆ ಸರ್ ಎಂ.ವಿ. ಬರದೇ ಇರುತ್ತಾರೆಯೇ? ಪುಣೆ ಹತ್ತಿರದ ಖಡಕ್‌ವಾಸ್ಲಾದಲ್ಲಿ 1903ರಲ್ಲಿ ವಿಶ್ವೇಶ್ವರಯ್ಯನವರು ಸ್ವಯಂಚಾಲಿತ ಗೇಟು ಕೂರಿಸಿದರು. ನೀರು ಮಟ್ಟ ಮೀರಿದರೆ ತಾನೇ ಏಳುವುದು, ಇಳಿದರೆ ತಾನೇ ಮುಚ್ಚುವುದು. ಅದಕ್ಕೆ ಪೇಟೆಂಟ್ ಕೂಡ ಸಿಕ್ಕಿತ್ತು. ಇದನ್ನು ಸಾಹೇಬರು ಆಚಾರ್ರಿಗೆ, ಹಾಲಿನವನಿಗೆ, ಗ್ಯಾಸ್ ಸಿಲಿಂಡರ್ ಹೊತ್ತು ಬಂದ ಹುಡುಗನಿಗೆ ವಿವರಿಸಿ, ಹಿತ್ತಲಲ್ಲೂ ಅದೇ ತತ್ವ ಅಂತ ಘೋಷಿಸಿದರು. ಕೋಳಿ ಬಂದು ಹಲಗೆ ಹತ್ತಬೇಕು, ಅದರ ಭಾರಕ್ಕೆ ರಾಟೆ ತಿರುಗಿ ಗೇಟು ಏಳಬೇಕು.

ಎದ್ದಿತು. ಆದರೆ ಒಂದೂವರೆ ಕೆಜಿಯ ನಾಟಿ ಕೋಳಿಗೆ ಏಳುವ ಗೇಟು ನಾಲ್ಕು ಕೆಜಿಯ ಗಂಡುಬೆಕ್ಕಿಗೆ ಇನ್ನೂ ಮರ್ಯಾದೆಯಿಂದ ಎದ್ದಿತು. ಆ ರಾತ್ರಿ ಹಿತ್ತಲಲ್ಲಿ ಎದ್ದ ಗಲಾಟೆಗೆ ಇಡೀ ಬೀದಿ ದೀಪ ಹಾಕಿತು. ಕೋಳಿಗಳೇನೋ ಉಳಿದವು. ಒಂದರ ಬಾಲ ಮಾತ್ರ ಮೊದಲಿನ ಹಾಗಿಲ್ಲ.

ಆಮೇಲೆ ಗುಜರಿಯಿಂದ ಹಳೇ ಕಾರಿನ ವೈಪರ್ ಮೋಟರ್ ಬಂತು, ಹನ್ನೆರಡು ವೋಲ್ಟಿನ ಬ್ಯಾಟರಿ ಬಂತು, ಟೈಮರ್ ಬಂತು. ಟೈಮರಿಗೆ ಯಾವ ಹೊತ್ತು ಕೊಡುವುದು? ನಮ್ಮ ಕಡೆ ಜುಲೈನಲ್ಲಿ ಸೂರ್ಯ ಮುಳುಗುವುದು ಹೆಚ್ಚುಕಡಿಮೆ 6.50ಕ್ಕೆ, ನವೆಂಬರಿನಲ್ಲಿ 5.50ಕ್ಕೆ. ಕೋಳಿ ನೋಡುವುದು ಸೂರ್ಯನನ್ನು, ಗಡಿಯಾರವನ್ನಲ್ಲ. ಮಬ್ಬು ಬೆಳಕಿನಲ್ಲಿ ಅದಕ್ಕೆ ಕಣ್ಣು ಸರಿಯಾಗಿ ಕಾಣುವುದಿಲ್ಲ, ಕತ್ತಲಾಗುವ ಮೊದಲೇ ತಾನಾಗಿ ಗೂಡು ಸೇರಿ ಅಡ್ಡಕೋಲು ಹತ್ತುತ್ತದೆ. ಸರಿ, ಟೈಮರ್ ತೆಗೆದು ಬೆಳಕು ಅಳೆಯುವ ಸೆನ್ಸರ್ ಹಾಕಿದರು.

ಆಷಾಢದ ಒಂದು ಮಧ್ಯಾಹ್ನ ಮೋಡ ಕವಿಯಿತು. ನಾಲ್ಕು ಗಂಟೆಗೇ ಸಂಜೆಯಾಯಿತೆಂದು ಗೇಟು ಇಳಿಯಿತು. ಆರೂ ಕೋಳಿ ಹೊರಗೆ, ಮಳೆಯಲ್ಲಿ. ಸಾಹೇಬರು ಕೊಡೆ ಹಿಡಿದು ಅವುಗಳ ಹಿಂದೆ. ಇನ್ನೊಮ್ಮೆ ಹಿಂದಿನ ಬೀದಿಗೆ ಹೊಸ ಎಲ್‌ಇಡಿ ದೀಪ ಬಿತ್ತು. ಸೆನ್ಸರಿನ ಪಾಲಿಗೆ ಆವತ್ತಿನಿಂದ ರಾತ್ರಿಯೇ ಇಲ್ಲ. ಅದರ ತಲೆಗೊಂದು ಡಬ್ಬದ ಟೋಪಿ ತೊಡಿಸಿದರು. ಕೋಳಿಗಳ ಪೈಕಿ ಕೆಂಪಿ ಅನ್ನುವುದೊಂದಿತ್ತು. ಮೋಟರ್ ಗುಂಯ್ ಅಂದರೆ ಸಾಕು, ಹಾರಿ ಸೀಬೆ ಮರ ಹತ್ತುತ್ತಿತ್ತು. ಅದನ್ನು ಸಾಹೇಬರು ‘ಲೀಕೇಜ್’ ಅಂತ ಕರೆದರು.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರೆಸ್ಟ್ ಗೇಟಿನ ಚೈನ್ ತುಂಡಾಯಿತಲ್ಲ, ಊರೆಲ್ಲ ಟಿವಿ ಮುಂದೆ ಕೂತಿದ್ದಾಗ ಸಾಹೇಬರು ಟಾರ್ಚ್ ಹಿಡಿದು ಹಿತ್ತಲಿಗೆ ಓಡಿದರು. ಮಾರನೇ ದಿನವೇ ಕೋಳಿಗೇಟಿನ ಹಗ್ಗಕ್ಕೆ ಜೋಡಿಯಾಗಿ ಇನ್ನೊಂದು ಹಗ್ಗ. ಅಲ್ಲಿ ಸ್ಟಾಪ್‌ಲಾಗ್ ಇಳಿಸಿ ನೀರು ತಡೆದದ್ದನ್ನು ನೋಡಿದ ಮೇಲೆ ಇಲ್ಲೂ ಒಂದು ಹಲಗೆ ಸಿದ್ಧವಾಗಿ ಗೋಡೆಗೆ ಒರಗಿ ನಿಂತಿತು, ಮೇಲೆ ಪೇಂಟಿನಲ್ಲಿ ‘ತುರ್ತು’ ಅಂತ ಬರೆಸಿಕೊಂಡು.

ಈಗ ಗೇಟು ಚೆನ್ನಾಗಿ ನಡೆಯುತ್ತಿದೆ. ಹಾಗಂತ ನಂಬುವುದು ಹೇಗೆ? ಸ್ವಯಂಚಾಲಿತ ಗೇಟು ತಾನಾಗಿಯೇ ಮುಚ್ಚಿತೇ ಎಂದು ನೋಡಲು ಸಾಹೇಬರು ದಿನಾ ಸಂಜೆ ಅದರ ಮುಂದೆ ಕುರ್ಚಿ ಹಾಕಿ ಕೂರುತ್ತಾರೆ. ರಿಸೆಪ್ಷನ್ನಿಗೆ ಬಂದರೆ ವಧೂವರರನ್ನು ಬಿಟ್ಟು ಕಿಟಕಿಯಾಚೆ ಆಕಾಶ ನೋಡಿ, ಐದೂವರೆಗೆ ಚಪ್ಪಲಿ ಹುಡುಕುತ್ತಾರೆ. ಸರ್ವೀಸಿನಲ್ಲಿದ್ದಾಗ ಒಂದು ದಿನ ಹೊತ್ತಿಗೆ ಸರಿಯಾಗಿ ಮನೆ ಸೇರದ ಮನುಷ್ಯ, ಅಂತ ಅಮ್ಮಾವ್ರು ಕೋಳಿಗಳಿಗೆ ನುಚ್ಚು ಹಾಕುವಾಗ ಅವುಗಳಿಗೇ ಕೇಳುವಂತೆ ಹೇಳುತ್ತಾರೆ.

ಆಚಾರ್ರ ಬಿಲ್ಲಿನಲ್ಲಿ ಶೇಕಡಾ 5 ಹಿಡಿದಿಟ್ಟಿದ್ದರು: ಒಂದು ಮಳೆಗಾಲ ಕಳೆಯಲಿ, ಡಿಫೆಕ್ಟ್ ಇದೆಯೋ ಇಲ್ಲವೋ ನೋಡೋಣ. ದಸರಾ ಕಳೆದ ಮೇಲೆ ಒಂದು ಸಂಜೆ ಆಚಾರ್ರು ಬಾಕಿ ಕೇಳಲು ಬಂದರು. ಸಾಹೇಬರು ಕೈಗೆ ಟಾರ್ಚ್ ಕೊಟ್ಟು ಗೂಡಿನೊಳಗೆ ಎಣಿಸಲು ಹೇಳಿದರು.

“ಆರೂ ಅವೆ ಸಾ.”

“ರಿಜಿಸ್ಟರಿನಲ್ಲಿ ಬರೆದು ಸೈನ್ ಮಾಡಿ. ತಾರೀಖು, ಗೇಟು ಮುಚ್ಚಿದ ಟೈಮು, ಒಳಹರಿವು ಆರು.”

ಅಮ್ಮಾವ್ರು ಅಡುಗೆಮನೆಯಿಂದ ಹೊರಬಂದರು. “ಆಚಾರ್ರೇ, ನಮ್ಮ ಮನೆ ಮುಂಬಾಗಿಲ ಚಿಲಕ ಸಡಿಲವಾಗಿ ಎರಡು ವರ್ಷ ಆಯ್ತು. ಹೋಗೋ ಮುಂಚೆ ಅದಕ್ಕೊಂದು ಸ್ಕ್ರೂ ಹಾಕ್ಬಿಡ್ತೀರಾ?”

ಆಚಾರ್ರು ಚೀಲಕ್ಕೆ ಕೈ ಹಾಕಿದರು. ಸಾಹೇಬರು ತಡೆದರು.

“ಮುಟ್ಬೇಡಿ. ಅದರ ಎಸ್ಟಿಮೇಟ್ ನಡೀತಿದೆ.”