ಸೀರಿಯಲ್ ಸೆಟ್ ರಾಯರು

ಬೆಂಗಳೂರಿನ ವಿಜಯನಗರ, ಬಸವೇಶ್ವರನಗರದ ಕಡೆ ಕ್ರಾಸಿಗೊಬ್ಬರಂತೆ ಇಂಥವರು ಇದ್ದೇ ಇರುತ್ತಾರೆ. ನಮ್ಮ ಬೀದಿಯವರಿಗೆ ನಾವಿಟ್ಟ ಹೆಸರು ಸೀರಿಯಲ್ ಸೆಟ್ ರಾಯರು. ರಾಜಾಜಿನಗರದ ಕಾರ್ಖಾನೆಯಲ್ಲಿ ದುಡಿದು ರಿಟೈರಾದವರು. 30-40 ಸೈಟು, ಕೆಳಗೊಂದು ಮನೆ, ಮೇಲೊಂದು ಬಾಡಿಗೆ ಮನೆ.

ದೀಪಾವಳಿಗೆ ಹದಿನೈದು ದಿನ ಇದೆ ಎನ್ನುವಾಗ ಅಟ್ಟದಿಂದ ಹಳೇ ಸೂಟ್‌ಕೇಸು ಇಳಿಯುತ್ತದೆ. ಅಚ್ಚುಕಟ್ಟಾಗಿ ಸುತ್ತಿಟ್ಟಿದ್ದ ಬಲ್ಬಿನ ಸರದ ವೈರು ಒಳಗೆ ಅದೇನು ಮಾಡುತ್ತದೋ, ಹೊರಬರುವಾಗ ಗುಬ್ಬಚ್ಚಿ ಗೂಡು. ಅದನ್ನು ಬಿಡಿಸಲು ಎರಡು ದಿನ. ಟೇಪು ಸುತ್ತಿದ ಜಾಗಗಳಿಗೆ ಮತ್ತೆ ಟೇಪು ಸುತ್ತಲು ಇನ್ನೊಂದು ದಿನ. ಆಮೇಲೆ ಏಣಿ. ರಾಯರು ಸಜ್ಜಾ ಮೇಲೆ, ಅವರ ಹೆಂಡತಿ ಏಣಿಯ ಬುಡದಲ್ಲಿ, ಮೊಮ್ಮಗ ಸ್ವಿಚ್ಚಿನ ಹತ್ತಿರ.

“ಹಾಕೋ!”

“ಹಾಕ್ದೆ ತಾತ.”

“ಬಂತೇನೋ?”

“ಇಲ್ಲ ತಾತ.”

“ಆರ್ಸೋ!”

ಈ ಭಜನೆ ರಾತ್ರಿ ಒಂಬತ್ತರವರೆಗೆ ನಡೆಯುತ್ತದೆ. ನಡುವೆ ಯಾರಾದರೂ ತಲೆಯೆತ್ತಿ ನೋಡಿದರೋ, ಪಾಠ ಶುರು. “ಬಲ್ಬು 6 ವೋಲ್ಟಿಂದು, ಮನೆ ಕರೆಂಟು 230. ಭಾಗಿಸಿ ನೋಡಿ, ಹೆಚ್ಚುಕಮ್ಮಿ 38 ಬಲ್ಬು ಸಾಲಾಗಿ ನಿಂತ್ರೇನೇ ಲೆಕ್ಕ ಸರಿ. ಒಂದು ಮುನಿಸಿಕೊಂಡ್ರೆ ಅಷ್ಟೂ ಆರುತ್ತೆ. ಒಟ್ಟು ಕುಟುಂಬ ಇದ್ದ ಹಾಗೆ!” ಮುನಿಸಿಕೊಂಡ ಆ ಒಂದನ್ನು ಟೆಸ್ಟರ್ ಹಿಡಿದು ಹುಡುಕುವುದರಲ್ಲೇ ಅವರ ಹಬ್ಬ. 1905ರಲ್ಲಿ ಶಿವನಸಮುದ್ರದ ಕರೆಂಟು ಬೆಂಗಳೂರಿನ ಬೀದಿದೀಪ ಹೊತ್ತಿಸಿದ ಕಥೆಯೂ ಬೋನಸ್ಸಾಗಿ ಸಿಗುತ್ತದೆ. 2023ರಲ್ಲಿ ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆ ಬಂದಾಗಲಂತೂ, ಸರ್ಕಾರ ತಮ್ಮ ಮನೆ ನೋಡಿಯೇ ಆ ಹೆಸರಿಟ್ಟಿತೆಂದು ನಂಬಿದ್ದರು. “ಮೈಸೂರು ಅರಮನೆಗೆ ಸುಮಾರು 1 ಲಕ್ಷ ಬಲ್ಬು ಕಣೇ,” ಎಂದರೆ ಕೆಳಗಿನಿಂದ ಉತ್ತರ: “ಅಲ್ಲಿ ಏಣಿ ಹಿಡಿಯೋಕೆ ಆಳುಗಳಿದ್ರು. ಇಲ್ಲಿ ನಾನೊಬ್ಳೇ. ಇಳೀರಿ, ಸಾರು ಆರೋಯ್ತು.”

ಹೋದ ವರ್ಷ ಮಗ ಎಸ್.ಪಿ. ರಸ್ತೆಯಿಂದ ಎಲ್‌ಇಡಿ ಸೆಟ್ ತಂದ. ಸ್ವಿಚ್ ಹಾಕಿದ, ಹತ್ತಿತು. ರಾಯರು ಎದುರಿಗೆ ಕುರ್ಚಿ ಹಾಕಿಕೊಂಡು ಕೂತರು. ಒಂದು ಗಂಟೆಯಾದರೂ ಕೆಡಲಿಲ್ಲ. “ಇದ್ರಲ್ಲಿ ನನಗೇನಪ್ಪಾ ಕೆಲಸ?” ಎಂದು ಎದ್ದು ಒಳಗೆ ಹೋದರು. ಮರುದಿನ ಹೊಸ ಸೆಟ್ ತುಳಸಿಕಟ್ಟೆಗೆ ಇಳಿದಿತ್ತು. ಪ್ಯಾರಾಪೆಟ್ ಮೇಲೆ ಹಳೆಯದು, ಪಕ್ಕದಲ್ಲಿ ಟೆಸ್ಟರ್ ಹಿಡಿದ ರಾಯರು, ಎರಡೂ ಬೆಳಗುತ್ತಿದ್ದವು.

ಹಬ್ಬ ಮುಗಿದ ಮೇಲೆ ಇಳಿಸುತ್ತಾರೆಯೇ? ರಾಜ್ಯೋತ್ಸವ ಇದೆ, ತುಳಸಿ ಹಬ್ಬ ಇದೆ, ಕಾರ್ತಿಕ ಮುಗಿಯಲಿ. ಅಷ್ಟರಲ್ಲಿ ಕ್ರಿಸ್‌ಮಸ್, ಹೊಸ ವರ್ಷ, ಸಂಕ್ರಾಂತಿ. ಯುಗಾದಿಯ ಹೊತ್ತಿಗೆ ವೈರಿನ ಮೇಲೆ ಪಾರಿವಾಳಗಳು ಕೂತಿರುತ್ತವೆ. ಕೇಳಿದರೆ, “ಇಳಿಸೋದ್ಯಾಕೆ, ಗಣಪತಿ ಬಂದೇ ಬಿಟ್ಟ!”

ನಿಮ್ಮ ಬೀದಿಯಲ್ಲೂ ಇಂಥವರಿದ್ದರೆ ಒಂದು ಉಪಕಾರ ಮಾಡಿ. ಕೆಟ್ಟ ಸೆಟ್ಟನ್ನು ಗುಜರಿಗೆ ಹಾಕಬೇಡಿ, ಅವರಿಗೆ ಹೇಳಿಕಳಿಸಿ. ಏಣಿ ಅವರೇ ತರುತ್ತಾರೆ, ನೀವು ಒಂದು ಲೋಟ ಕಾಫಿ ಕೊಟ್ಟರೆ ಸಾಕು. ಕೆಟ್ಟ ಬಲ್ಬು ಯಾವುದೆಂದು ನಿಮಗೆ ಗೊತ್ತಿದ್ದರೆ ಮಾತ್ರ, ದಯವಿಟ್ಟು ಬಾಯಿ ಬಿಡಬೇಡಿ.