ಸಕ್ಕರೆನಿಗ್ರಹ ಮೀಮಾಂಸೆ

ಇನ್ನು ಸಕ್ಕರೆನಿಗ್ರಹದ ಜಿಜ್ಞಾಸೆ. ‘ಇನ್ನು’ ಎಂದರೆ ಯಾವುದರ ನಂತರ ಎಂದು ಭಾಷ್ಯಕಾರರು ಕೇಳದೆ ಬಿಡುವುದಿಲ್ಲ. ಲ್ಯಾಬಿನ ರಿಪೋರ್ಟು ಕೈಗೆ ಬಂದ ನಂತರ ಎಂದು ಉತ್ತರ. ಅದಕ್ಕೆ ಮೊದಲು ಈ ಶಾಸ್ತ್ರದಲ್ಲಿ ಯಾರಿಗೂ ಅಧಿಕಾರವಿಲ್ಲ. ಎಚ್‌ಬಿಎ1ಸಿ 5.7ರಿಂದ 6.4ರ ನಡುವೆ ಇದ್ದವನು ಮಂದಾಧಿಕಾರಿ, 6.5 ಮುಟ್ಟಿದವನು ಪೂರ್ಣಾಧಿಕಾರಿ. ಹಿಂದಿನ ರಾತ್ರಿ ಊಟ ಬಿಟ್ಟು ಲ್ಯಾಬಿನವರ ಕಣ್ಣಿಗೆ ಮಣ್ಣೆರಚುವ ಪಂಥವೊಂದಿದೆ. ಆದರೆ ಆ ಅಂಕಿ ರಕ್ತದ ಸಕ್ಕರೆಯ ಸುಮಾರು ಮೂರು ತಿಂಗಳ ಸರಾಸರಿಯನ್ನು ಹೇಳುವುದರಿಂದ, ದೀಪಾವಳಿಯಲ್ಲಿ ತಿಂದ ಕರ್ಚಿಕಾಯಿ ಸಂಕ್ರಾಂತಿಯ ರಿಪೋರ್ಟಿನಲ್ಲಿ ಬಂದು ಸಾಕ್ಷಿ ನುಡಿಯುತ್ತದೆ.

ವಿಚಾರಕ್ಕೆ ಆರಿಸಿಕೊಂಡ ದೇಶ ಉತ್ತರ ಕನ್ನಡದ ಘಟ್ಟದ ಮೇಲಿನ ನಾಲ್ಕು ತಾಲ್ಲೂಕುಗಳು: ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ. ರೋಗವೂ ಪಥ್ಯವೂ ಇಷ್ಟು ಅಕ್ಕಪಕ್ಕ ವಾಸವಾಗಿರುವ ಸೀಮೆ ಇನ್ನೊಂದಿಲ್ಲವೆಂಬುದು ನಮ್ಮ ಮತ. ಹಳಿಯಾಳದಲ್ಲಿ ಸಕ್ಕರೆ ಕಾರ್ಖಾನೆಯೇ ಇದೆ. ಕಬ್ಬು ಅರೆಯುವ ಹಂಗಾಮಿನಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರುಗಳ ಹಿಂದೆ ಸ್ಕೂಟರಿನ ಮೇಲೆ ಸಿಕ್ಕಿಬಿದ್ದ ರೋಗಿ, ‘ಸಕ್ಕರೆ ಪೂರ್ತಿ ಬಂದ್’ ಎಂಬ ಡಾಕ್ಟರ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು, ಟನ್‌ಗಟ್ಟಲೆ ಸಕ್ಕರೆಗೆ ದಾರಿ ಬಿಡುತ್ತಾನೆ.

ಮೊದಲ ಪೂರ್ವಪಕ್ಷ ಬೆಲ್ಲವಾದಿಗಳದ್ದು. ಇವರು ಗ್ರಂಥ ಬರೆದಿಲ್ಲ, ಇವರ ಸಿದ್ಧಾಂತವೆಲ್ಲ ಅಡುಗೆಮನೆಯ ಬಾಗಿಲಲ್ಲಿ ಮೌಖಿಕವಾಗಿ ಉಪದೇಶವಾಗುತ್ತದೆ: “ಚಾಕ್ಕ ಸಕ್ರಿ ಹಾಕಿಲ್ಲರಿ ಕಾಕಾ, ಬೆಲ್ಲಾ ಹಾಕೇನಿ. ಕುಡೀರಿ, ಏನೂ ಆಗಂಗಿಲ್ಲ.” ಖಂಡನೆ ಹೀಗೆ. ಸಕ್ಕರೆಯೂ ಬೆಲ್ಲವೂ ಒಂದೇ ಕಬ್ಬಿನ ಮಕ್ಕಳು. ಬೆಲ್ಲದಲ್ಲಿ ಚೂರುಪಾರು ಕಬ್ಬಿಣ, ಖನಿಜ ಇರುವುದು ನಿಜ. ಆದರೆ ಬಹುಪಾಲು ಅದೇ ಸುಕ್ರೋಸು. ಆ ಕಬ್ಬಿಣಕ್ಕಾಗಿ ಬೆಲ್ಲ ತಿನ್ನುವವನು ಮೊಳೆಗಾಗಿ ಮನೆ ಕೊಂಡವನ ಹಾಗೆ.

ಎರಡನೆಯದು ಅರ್ಧಕಪ್ ವಾದ: ಮನೆಗೆ ಅರ್ಧ ಕಪ್ ಚಹಾ ಕುಡಿದರೆ ಏನಾದೀತು ಎಂಬುದು. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ, ನಾವು ಬೆರೆಸಿಕೊಳ್ಳುವ ಸಕ್ಕರೆ ದಿನದ ಒಟ್ಟು ಶಕ್ತಿಯ ಶೇ. 10ಕ್ಕಿಂತ ಕಡಿಮೆ ಇರಲಿ, ಶೇ. 5ಕ್ಕೆ ಇಳಿದರೆ ಇನ್ನೂ ಒಳ್ಳೆಯದು ಎಂದಿತು. ಎರಡನೆಯ ಮಿತಿಗೆ ಸುಮಾರು 25 ಗ್ರಾಂ, ಅಂದರೆ ಆರು ಚಮಚ. ಅದೂ ಆರೋಗ್ಯವಾಗಿರುವವರಿಗೆ. ಮಗಳ ಲಗ್ನಪತ್ರಿಕೆ ಹಂಚಲು ಹೊರಟ ಹಳಿಯಾಳದ ಗೃಹಸ್ಥನಿಗೆ ಮೂರನೆಯ ಮನೆಯಲ್ಲೇ ಆ ಕೋಟಾ ಮುಗಿಯುತ್ತದೆ. ಪತ್ರಿಕೆಗಳು ಇನ್ನೂ ಚೀಲದ ತುಂಬ ಇರುತ್ತವೆ. ಅರ್ಧ ಕಪ್ಪಿಗೂ ಪೂರ್ತಿ ಕಪ್ಪಿನ ಸಕ್ಕರೆಯೇ ಬೀಳುತ್ತದೆ ಎಂಬ ರಹಸ್ಯವನ್ನು ಇಲ್ಲಿ ಬಯಲು ಮಾಡುವುದು ಅತಿಥಿಧರ್ಮಕ್ಕೆ ಸಲ್ಲದಾದರೂ, ಶಾಸ್ತ್ರಕ್ಕೆ ದಾಕ್ಷಿಣ್ಯವಿಲ್ಲ.

ಈಗ ಅನ್ನದ ಗಂಡಾಂತರಕ್ಕೆ ಬರೋಣ. ತಿಂದದ್ದು ರಕ್ತಕ್ಕೆ ಎಷ್ಟು ಬೇಗ ಸಕ್ಕರೆಯಾಗಿ ಏರುತ್ತದೆ ಎಂದು ಅಳೆಯುವ ಗ್ಲೈಸೆಮಿಕ್ ಸೂಚ್ಯಂಕವೆಂಬ ಪ್ರಮಾಣವೊಂದಿದೆ. ಗ್ಲೂಕೋಸಿಗೆ 100 ಅಂಕ. 2008ರ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಸಕ್ಕರೆಗೆ ಸುಮಾರು 65, ಬಿಳಿ ಅನ್ನಕ್ಕೆ 73. ಭತ್ತದ ಸೀಮೆಯಲ್ಲಿ ಈ ಸುದ್ದಿ ಹಬ್ಬಿದಾಗ ಹೊಸ ನೈಯಾಯಿಕನೊಬ್ಬ ಎದ್ದು ನಿಂತ: “ಅನ್ನಕ್ಕಿಂತ ಸಕ್ರೀನs ಚಲೋ ಅಂದಂಗಾತು. ಹಾಕ್ರಿ ಇನ್ನೊಂದು ಚಮಚಾ!” ಇದು ಹೇತ್ವಾಭಾಸ. ಸೂಚ್ಯಂಕ ಹೇಳುವುದು ಏರುವ ವೇಗವನ್ನು, ತಟ್ಟೆಯ ಗಾತ್ರವನ್ನಲ್ಲ. ಅನ್ನ ಸಕ್ಕರೆಯ ಭಾವಮೈದುನ ಎಂದು ಗೊತ್ತಾದ ಮಾತ್ರಕ್ಕೆ ಸಕ್ಕರೆಯ ಮೇಲಿನ ಆರೋಪ ವಜಾ ಆಗುವುದಿಲ್ಲ. ಗುಡ್ಡೆ ಅನ್ನವನ್ನು ಹಿಡಿಯಷ್ಟಕ್ಕೆ ಇಳಿಸಬೇಕಾಗುತ್ತದೆ, ಅಷ್ಟೆ.

ಸಿದ್ಧಾಂತ ಎಷ್ಟು ಚಿಕ್ಕದೆಂದರೆ ಹೇಳಲು ನಾಚಿಕೆಯಾಗುತ್ತದೆ. ಆರಂಭಶೂರನು ಮೊದಲ ದಿನವೇ ಹುಬ್ಬಳ್ಳಿಗೆ ಹೋಗಿ ಓಟ್ಸು, ‘ಶುಗರ್ ಫ್ರೀ’ ಬಿಸ್ಕೀಟು, ಹೆಸರು ಹೇಳಲು ಬಾರದ ಬೀಜಗಳನ್ನು ತರುತ್ತಾನೆ. ಬಿಸ್ಕೀಟಿನಲ್ಲಿ ಮೈದಾ ಇರುವುದನ್ನು ಡಬ್ಬಿಯೇ ಹಿಂಬದಿಯ ಸಣ್ಣಕ್ಷರದಲ್ಲಿ ಒಪ್ಪಿಕೊಂಡಿರುತ್ತದೆ. ಆದರೆ ಮನೆಯಲ್ಲಿ ಬೇಯುತ್ತಿರುವುದರಲ್ಲೇ ಸರಳವಾದದ್ದು ಸಿಗುತ್ತದೆ: ಜೋಳದ ರೊಟ್ಟಿಯಲ್ಲಿ ಒಂದು ಕಡಿಮೆ, ಮೆಂತ್ಯೆ ಪಲ್ಲೆಯೋ ಪುಂಡಿ ಪಲ್ಲೆಯೋ ಎರಡು ಪಾಲು, ಹೆಸರುಕಾಳಿನ ಉಸಳಿ, ಹಸಿ ಸೌತೆಕಾಯಿ, ಮಜ್ಜಿಗೆ, ತಿನ್ನುವವರಿಗೆ ಕಾಳಿ ನದಿಯ ಮೀನು, ಹಿಟ್ಟು ಹಚ್ಚಿ ಕರಿಯದೆ. ರಾಷ್ಟ್ರೀಯ ಪೋಷಣಾ ಸಂಸ್ಥೆಯೂ ತನ್ನ 2024ರ ಮಾರ್ಗಸೂಚಿಯಲ್ಲಿ ತಟ್ಟೆಯ ಅರ್ಧವನ್ನು ತರಕಾರಿ, ಹಣ್ಣುಗಳಿಗೇ ಬಿಟ್ಟಿದೆ. ಇಷ್ಟನ್ನು ಹೇಳಿದರೆ ರೋಗಿಗೆ ಡಾಕ್ಟರ ಮೇಲಿನ ನಂಬಿಕೆಯೇ ಹೋಗುತ್ತದೆ: ಇದನ್ನು ನಮ್ಮವ್ವನೂ ಹೇಳ್ತಿದ್ದಳು, ಪುಕ್ಕಟೆ!

ಅಪವಾದವೊಂದುಂಟು, ಇದರಲ್ಲಿ ಅಣಕವಿಲ್ಲ. ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವನು ಡಾಕ್ಟರನ್ನು ಕೇಳದೆ ಏಕಾಏಕಿ ಊಟ ಅರ್ಧ ಮಾಡಿದರೆ ರಕ್ತದ ಸಕ್ಕರೆ 70ಕ್ಕಿಂತ ಕೆಳಗಿಳಿದು ಬೆವರು, ನಡುಕ ಬರಬಹುದು. ಆಗಿನ ಮದ್ದು 15 ಗ್ರಾಂ ಸಕ್ಕರೆ. 15 ನಿಮಿಷ ಬಿಟ್ಟು ಮತ್ತೆ ಪರೀಕ್ಷೆ. ಆದ್ದರಿಂದ ಸಕ್ಕರೆಯನ್ನು ತ್ಯಜಿಸಿದವನ ಜೇಬಿನಲ್ಲಿ ಸಕ್ಕರೆ ಇರತಕ್ಕದ್ದು. ಈ ವಿರೋಧಾಭಾಸವನ್ನು ಹೆಂಡತಿಗೆ ವಿವರಿಸುವ ವಿಧಿ ಯಾವ ಸ್ಮೃತಿಯಲ್ಲೂ ಇಲ್ಲ.

ಜೋಯಿಡಾ ಪ್ರಕರಣ. ಇಲ್ಲಿನ ಕುಣಬಿ ಸಮುದಾಯದವರು ಬೆಳೆಯುವ ಮುಡ್ಲಿ, ಕೋನ ಮೊದಲಾದ ಗಡ್ಡೆಗಳಿಗೆ ಮೇಳವೇ ನಡೆಯುತ್ತದೆ. ಬೇಯಿಸಿದ ಕೆಸುವಿನ ಗಡ್ಡೆಗೆ ಅದೇ ಗ್ಲೈಸೆಮಿಕ್ ಪಟ್ಟಿಯಲ್ಲಿ 53 ಅಂಕ, ಆಲೂಗಡ್ಡೆಗೆ 78. ಆದ್ದರಿಂದ ಗಡ್ಡೆಗಳಲ್ಲೂ ವರ್ಣಭೇದವಿದೆ ಎಂದಾಯಿತು. ಕುಣಬಿ ತನ್ನ ಗಡ್ಡೆಯನ್ನು ಉಪ್ಪಿನ ಜೊತೆ ಬೇಯಿಸಿ ತಿಂದು ಗುಡ್ಡ ಹತ್ತುತ್ತಾನೆ. ಪೇಟೆಯವನು ಕಾರಿನಲ್ಲಿ ಬಂದು, ಒಂದು ಗಡ್ಡೆಯ ಜೊತೆ ಫೋಟೋ ತೆಗೆಸಿಕೊಂಡು, ಮನೆಗೊಯ್ದು ಎಣ್ಣೆಯಲ್ಲಿ ಕರಿದು, ‘ಆರ್ಗ್ಯಾನಿಕ್’ ಎನ್ನುತ್ತ ಟಿವಿ ಮುಂದೆ ಕೂರುತ್ತಾನೆ.

ಜೋಯಿಡಾದ ಇನ್ನೊಂದು ಖ್ಯಾತಿ ಚಗಳಿ ಇರುವೆಯ ಚಟ್ನಿ. ಮೈಗೂ ಮೂತ್ರಕ್ಕೂ ಇರುವೆ ಮುತ್ತುವುದು ಮಧುಮೇಹವನ್ನೂ ಒಳಗೊಂಡ ಪ್ರಮೇಹದ ಮುನ್ಸೂಚನೆ ಎಂದು ಚರಕಸಂಹಿತೆ ಹೇಳುತ್ತದೆ. ಹೀಗೆ ರೋಗ ಪತ್ತೆಹಚ್ಚುವ ಪ್ರಯೋಗಾಲಯವನ್ನೇ ಉಪ್ಪು ಖಾರ ಹಾಕಿ ಅರೆಯುವ ಜನ ಇವರು. ಎರಡೂ ಒಂದೇ ಜಾತಿಯ ಇರುವೆಯಲ್ಲವೆಂದು ಕೀಟಶಾಸ್ತ್ರಜ್ಞರು ತಕರಾರು ತೆಗೆಯಬಹುದು. ತೆಗೆಯಲಿ, ಚಟ್ನಿಯಲ್ಲಿ ಸಕ್ಕರೆಯಂತೂ ಇಲ್ಲ.

ಅದೇ ಚರಕ ಪ್ರಮೇಹಿಗೆ ಮುಖ್ಯ ಆಹಾರವೆಂದು ಯವ ಧಾನ್ಯವನ್ನು, ಅಂದರೆ ಬಾರ್ಲಿಯನ್ನು ವಿಧಿಸಿದ. ನಮ್ಮವರು ಆ ಶ್ಲೋಕಕ್ಕೆ ಅಡ್ಡಬಿದ್ದು ಅಕ್ಕಿಯನ್ನೇ ಉಂಡರು. ವಿಧಿಯನ್ನು ಪಾಲಿಸುವವರು ಹಿಮಾಲಯದಾಚೆಯಿಂದ ಬರಬೇಕಾಯಿತು. 1966ರಲ್ಲಿ ಮುಂಡಗೋಡದಲ್ಲಿ ನೆಲೆಸಿದ ಟಿಬೆಟನ್ನರು ಹುರಿದ ಬಾರ್ಲಿಯ ಹಿಟ್ಟು ತ್ಸಂಪಾವನ್ನು ಜೊತೆಗೆ ತಂದರು. ಚಹಾಕ್ಕೆ ಬೆಣ್ಣೆ ಮತ್ತು ಉಪ್ಪು ಹಾಕುವ ಪದ್ಧತಿಯನ್ನೂ. ಸಕ್ಕರೆಯಿಲ್ಲದ ಚಹಾವನ್ನು ಹುಡುಕುತ್ತ ಕಂಗಾಲಾದ ಹಳಿಯಾಳದ ಗೃಹಸ್ಥನಿಗೆ ಇದಕ್ಕಿಂತ ಹತ್ತಿರದ ಮೋಕ್ಷವಿಲ್ಲ. ಬೇಯಿಸಿದ ಬಾರ್ಲಿ ಕಾಳಿಗೆ ಪಟ್ಟಿಯಲ್ಲಿ ಬರೀ 28. ಅವನೂ ಬಸ್ಸು ಹತ್ತಿ ಟಿಬೆಟನ್ನರ ಕ್ಯಾಂಪಿಗೆ ಹೋಗುತ್ತಾನೆ, ಬೌದ್ಧ ಮಠಗಳನ್ನು ಕೈಮುಗಿದು ನೋಡುತ್ತಾನೆ, ಉಪ್ಪಿನ ಚಹಾ ಒಂದು ಗುಟುಕು ಕುಡಿದು ಮುಖ ಸಿಂಡರಿಸುತ್ತಾನೆ, ಆಮೇಲೆ ಎರಡು ಪ್ಲೇಟು ಮೈದಾದ ಮೊಮೊ ತಿಂದು ಹಿಂದಿರುಗುತ್ತಾನೆ.

ಕೊನೆಗೆ ದಾಂಡೇಲಿ. ಸುಶ್ರುತ ಪ್ರಮೇಹಿಗಳಿಗೆ ಎರಡು ದರ್ಜೆಯ ಚಿಕಿತ್ಸೆ ಹೇಳಿದ್ದಾನೆ. ಬಡವನಾದರೆ ಚಪ್ಪಲಿ, ಕೊಡೆ ಇಲ್ಲದೆ, ಊರಿಗೊಂದು ರಾತ್ರಿಯಂತೆ, ಭಿಕ್ಷೆ ಬೇಡುತ್ತ ನೂರು ಯೋಜನ ನಡೆಯಬೇಕು. ಯೋಜನಕ್ಕೆ ಹನ್ನೆರಡು ಕಿಲೋಮೀಟರ್ ಎಂದು ಹಿಡಿದರೆ 1200 ಕಿಲೋಮೀಟರ್. ಈ ಚಿಕಿತ್ಸೆ ನಮ್ಮ ಸೀಮೆಯಲ್ಲಿ ನಡೆಯದು; ಪ್ರತಿ ಬಾಗಿಲಲ್ಲೂ ಬೆಲ್ಲದ ಚಹಾ ಕುಡಿಸದೆ ಬಿಡುವುದಿಲ್ಲ. ಶ್ರೀಮಂತನಾದರೆ ಸಾಮೆ, ಕಾಡುಭತ್ತ, ನೆಲ್ಲಿಕಾಯಿ, ಬೇಲದ ಹಣ್ಣು ತಿನ್ನುತ್ತ ಕಾಡಿನಲ್ಲಿ ಜಿಂಕೆಗಳ ಜೊತೆ ವಾಸಿಸಬೇಕು. ಈ ಎರಡನೆಯ ವಿಧಿಯ ಅರ್ಧಭಾಗ ದಾಂಡೇಲಿಯಲ್ಲಿ ಅಕ್ಷರಶಃ ಆಚರಣೆಯಲ್ಲಿದೆ. ಕಾಳಿಯ ದಂಡೆಯ ರೆಸಾರ್ಟುಗಳಿಗೆ ಶ್ರೀಮಂತರು ವಾರಾಂತ್ಯಕ್ಕೆ ಬರುತ್ತಾರೆ, ಬೆಳಿಗ್ಗೆ ಜೀಪಿನಲ್ಲಿ ಜಿಂಕೆಗಳ ಸಹವಾಸ ಮಾಡುತ್ತಾರೆ, ರಾತ್ರಿ ಬಫೆಯ ಸಾಲಿನಲ್ಲಿ ನಿಲ್ಲುತ್ತಾರೆ. ಸಾಲಿನ ತುದಿಯಲ್ಲಿ ಗುಲಾಬ್ ಜಾಮೂನು. ಇದು ಶಾಸ್ತ್ರಸಮ್ಮತವೇ ಎಂದು ಬಡಿಸುವವನನ್ನು ವಿಚಾರಿಸಲಾಗಿ, “ಪ್ಯಾಕೇಜಿನ್ಯಾಗ ಐತ್ರಿ ಸರ್, ಎರಡು ಹಾಕ್ಕೋರಿ” ಎಂದು ಪ್ರಮಾಣವಾಕ್ಯ ದೊರೆಯಿತು.