ಷಡ್ಜ ಬಿಟ್ಟು ಸೀರೆ ಉಟ್ಟವರು

ಸೇಡಂ ತಾಲ್ಲೂಕಿನ ಮಳಖೇಡದಲ್ಲಿ, ನೃಪತುಂಗನ ಆಸ್ಥಾನದಲ್ಲಿ, ಒಂಬತ್ತನೆಯ ಶತಮಾನಕ್ಕೇ ‘ಕವಿರಾಜಮಾರ್ಗ’ ಹುಟ್ಟಿತು. ಈ ನಾಡಿನ ಮಂದಿ ಓದದೆಯೂ ಪದ ಕಟ್ಟಬಲ್ಲ ಚತುರರು ಎಂದು ಶ್ರೀವಿಜಯ ಹೊಗಳಿದ. ಆದರೆ ಕನ್ನಡದ ತಿರುಳು ಎಲ್ಲಿದೆ ಎಂದು ಗುರುತು ಹಾಕುವ ಹೊತ್ತಿಗೆ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ ಎಂದ, ರಾಜಧಾನಿಯನ್ನೇ ಬಿಟ್ಟ. ಅನ್ನ ಮಳಖೇಡದ್ದು, ಸರ್ಟಿಫಿಕೇಟು ಪಟ್ಟದಕಲ್ಲು, ಕೊಪ್ಪಳದ ಕಡೆಯವರಿಗೆ. ಅಂದಿನಿಂದ ನಮ್ಮ ಮಾತಿನ ದರ್ಜೆ ಏರಲೇ ಇಲ್ಲ. ಸಿನಿಮಾದಲ್ಲಿ ಪ್ರೀತಿ ಮಾಡುವವನಿಗೆ ಬೆಂಗಳೂರು ಕನ್ನಡ, ಒದೆ ತಿನ್ನುವವನಿಗೆ ‘ಯಾಕ್ರೀ ಯಪ್ಪಾ’.

ಹೀಗಿರುವಾಗ ಈ ಸೀಮೆಯ ಹಾಡುಗಾರನೊಬ್ಬ ಕಾಮಿಡಿಗೆ ಇಳಿದರೆ ಅಯ್ಯೋ ಎನ್ನಬಾರದು. ಅದು ಬಡ್ತಿ.

ಹೆಸರು ಬೇಡ. ಸೇಡಂನಲ್ಲೊಬ್ಬ, ವಾಡಿಯಲ್ಲೊಬ್ಬ, ಚಿಂಚೋಳಿ ತಾಂಡಾದಲ್ಲೊಬ್ಬ ಇದ್ದೇ ಇರುತ್ತಾನೆ. ಎಲ್ಲರನ್ನೂ ಕಲಸಿ ಒಬ್ಬನನ್ನು ಮಾಡಿಕೊಂಡಿದ್ದೇನೆ. ಶ್ರಾವಣದಲ್ಲಿ ಭಜನೆ, ಮೊಹರಂನಲ್ಲಿ ರಿವಾಯತ್, ಗಣಪತಿ ಮುಂದೆ ಆರ್ಕೆಸ್ಟ್ರಾ: ಎಲ್ಲ ದೇವರಿಗೂ ಅದೇ ಗಂಟಲು. ಕಡಕೋಳ ಮಡಿವಾಳಪ್ಪನ ತತ್ವಪದ ಹಿಡಿದನೆಂದರೆ ಕಟ್ಟೆ ಮೇಲಿನ ಮುದುಕರು ಬೀಡಿ ಆರಿಸಿ ಕೂಡುತ್ತಿದ್ದರು. ಸಂಭಾವನೆ ಒಂದು ಶಾಲು, ಒಂದು ತೆಂಗಿನಕಾಯಿ, ಮೇಲೆ ‘ನಿನಗ ಭಾಳ ಭವಿಷ್ಯ ಅದ ತಮ್ಮಾ’ ಎಂಬ ಆಶೀರ್ವಾದ.

ಆ ಭವಿಷ್ಯ ಹುಡುಕಿಕೊಂಡು ಯೂಟ್ಯೂಬಿಗೆ ಹೋದ. ಹಳೇ ಸಿನಿಮಾ ಹಾಡು ಹಾಡಿ ಹಾಕಿದ. ಅಲ್ಲಿ ಕಂಟೆಂಟ್ ಐಡಿ ಎಂಬ ಜಮಾದಾರ ಕೂತಿರುತ್ತಾನೆ. ಧಾಟಿ ಯಾರ ಮನೆಯದೆಂದು ಪತ್ತೆ ಹಚ್ಚಿ, ಜಾಹೀರಾತಿನ ರೊಕ್ಕ ಬಂದರೆ ಅದನ್ನು ಹಾಡಿನ ಹಕ್ಕುಳ್ಳ ಕಂಪನಿಯ ಖಾತೆಗೆ ತಿರುಗಿಸಬಲ್ಲ. ಗಂಟಲು ಇವನದು, ಗಲ್ಲಾ ಅವರದು. ಬೇಡವೆಂದು ಟಿಕ್‌ಟಾಕ್ ಹಿಡಿದ. 2020ರ ಜೂನ್ 29ರಂದು ಸರ್ಕಾರ ಅದಕ್ಕೆ ಬೀಗ ಜಡಿಯಿತು. ಮರುತಿಂಗಳೇ ಇನ್‌ಸ್ಟಾಗ್ರಾಂ ರೀಲ್ಸ್ ತಂದಿತು. ಶುರುವಿಗೆ ಅವಧಿ 15 ಸೆಕೆಂಡು. ತತ್ವಪದದ ಲೆಕ್ಕದಲ್ಲಿ ಅದು ಪೇಟಿಯ ತಿದಿ ಬಿಚ್ಚಿ, ಗಂಟಲು ಸರಿಮಾಡಿಕೊಳ್ಳುವಷ್ಟು ಹೊತ್ತು.

ಒಂದು ದಿನ ಅಷ್ಟರಲ್ಲೇ ಒಳಗಿನಿಂದ ಅವ್ವ ಕೂಗಿದಳು: ‘ಏ ಬಾಡ್ಯಾ, ಒದರೋದ್ ಬಿಟ್ಟು ಎಮ್ಮಿಗಿ ಮೇವ್ ಹಾಕ್ತಿಯೋ ಇಲ್ಲೋ?’

ರೀಲಿನಲ್ಲಿ ಸಿಕ್ಕಿಬಿದ್ದ ಅವ್ವನ ಆ ಮಾತು ಮೈಸೂರಿನ ತನಕ ಓಡಿತು. ಹುಡುಗನಿಗೆ ಜ್ಞಾನೋದಯವಾಯಿತು. ಮರುದಿನವೇ ಅವ್ವನ ಇಳಕಲ್ ಸೀರೆ ಜೀನ್ಸ್ ಮೇಲೇರಿತು, ಟವೆಲ್ಲು ಜಡೆಯಾಯಿತು. ಶಹಾಬಾದಿನ ಪರಸಿ ಕಲ್ಲಿನ ರಾಶಿಗೆ ಫೋನ್ ಒರಗಿಸಿಟ್ಟರೆ ಸ್ಟುಡಿಯೊ ಸಿದ್ಧ. ವಾಡಿಯಲ್ಲಿ ಚಿತ್ರೀಕರಣವಿದ್ದರೆ ಮುಖಕ್ಕೆ ಪೌಡರೂ ಬೇಡ, ಸಿಮೆಂಟು ಕಾರ್ಖಾನೆಯೇ ಹಚ್ಚಿ ಕಳಿಸುತ್ತದೆ. ಅತ್ತೆ ಅವನೇ, ಸೊಸೆ ಅವನೇ, ಕುಡಿದು ಬರುವ ಗಂಡನೂ ಅವನೇ. (ಪಕ್ಕದ ಚಿತ್ತಾಪುರ ಐಟಿ-ಬಿಟಿ ಸಚಿವ ಪ್ರಿಯಾಂಕ್ ಖರ್ಗೆಯವರ ಕ್ಷೇತ್ರ. ನಮ್ಮ ಭಾಗಕ್ಕೆ ಡಿಜಿಟಲ್ ಉದ್ಯೋಗ ಬಂದಿಲ್ಲ ಎನ್ನುವವರು ಒಂದೇ ಮೈಯಲ್ಲಿ ಮೂವರು ದುಡಿಯುವ ಈ ಘಟಕವನ್ನು ನೋಡಿಲ್ಲ.)

ಹುಡುಗನನ್ನು ಬೈಯುವ ಮುಂಚೆ ಹಾವೇರಿ ಜಿಲ್ಲೆಯ ಕುರಿಗಾಹಿ ಹನುಮಂತನನ್ನು ನೆನೆಯಿರಿ. ‘ಸರಿಗಮಪ’ದಲ್ಲಿ ವಾರಗಟ್ಟಲೆ ಹಾಡಿದ್ದಕ್ಕೆ ನಾಡು ಕೊಟ್ಟದ್ದು ಎರಡನೇ ಸ್ಥಾನ. ಬಿಗ್ ಬಾಸ್ ಮನೆಯಲ್ಲಿ ಲುಂಗಿ ಉಟ್ಟು, ಉಂಡು, ಮುಗ್ಧ ಮಾತಾಡಿ ನಗಿಸಿದ್ದಕ್ಕೆ 2025ರ ಜನವರಿಯಲ್ಲಿ ಮೊದಲ ಸ್ಥಾನ ಮತ್ತು 50 ಲಕ್ಷ. ಅವನು ಎರಡೂ ಕಡೆ ಪ್ರಾಮಾಣಿಕ. ದರಪಟ್ಟಿ ಬರೆದವರು ನಾವು.

ಈಗ ನಮ್ಮ ಹುಡುಗನಿಗೆ ಜಾತ್ರೆಗಳಿಂದ ಕರೆ. ಸೀರೆ ಅಂಗಡಿಯ ಉದ್ಘಾಟನೆಗೂ ಅವನೇ. ಮೊನ್ನೆ ಒಂದು ಜಾತ್ರೆಯಲ್ಲಿ ಅವನಿಗೆ ಹಳೆಯ ಚಟ ಕೆರಳಿತು. ಕಣ್ಣು ಮುಚ್ಚಿ, ಕೈ ಕಿವಿಗಿಟ್ಟು, ನಿಜವಾಗಿ ಹಾಡತೊಡಗಿದ. ಮಂದಿ ಬಿದ್ದು ಬಿದ್ದು ನಕ್ಕರು. ಎಂಥಾ ನಟನೆ! ಖರೇ ಹಾಡುಗಾರನ ಗತಿಯೇ ಮಾಡ್ಲತ್ತಾನಲ್ಲ! ಅವನು ಇನ್ನಷ್ಟು ಮೇಲಕ್ಕೆ ಹೋದ, ಮಂದಿ ಇನ್ನಷ್ಟು ನಕ್ಕರು. ಕೊನೆಗೆ ಸಂಘಟಕರೇ ಕಿವಿಯಲ್ಲಿ ಹೇಳಿದರು: ‘ಪದ ಸಾಕ್ರಿ ಅಣ್ಣಾ, ಎಮ್ಮಿ ಡೈಲಾಗ್ ಹೊಡೀರಿ.’

ಭಜನೆ ಕಲಿಸಿದ ಮುತ್ಯಾನಿಗೆ ಇದು ತಿಳಿದು ಸಿಟ್ಟು ನೆತ್ತಿಗೇರಿತು. ಮನೆ ಬಾಗಿಲಲ್ಲೇ ಹಿಡಿದುಕೊಂಡ. ‘ಷಡ್ಜ ಎಲ್ಲಿ ಮಾರ್ಕೊಂಡಿ ಮಗನ? ಇಪ್ಪತ್ ರೂಪಾಯಿದ್ ಟವೆಲ್‌ನಾಗ ಸಂಗೀತ ಸುತ್ತಿಟ್ಟಿ!’ ಎಂದು ತಂಬೂರಿಯ ಶ್ರುತಿ ತಪ್ಪದ ಹಾಗೆ ಬೈದ. ಹುಡುಗನ ಗೆಳೆಯ ಅಭ್ಯಾಸಬಲದಿಂದ ಫೋನ್ ತೆರೆದಿದ್ದ. ಸಂಜೆಯೊಳಗೆ ಮುತ್ಯಾ ಊರೂರು ತಲುಪಿದ.

ಮರುವಾರ ಚಿಂಚೋಳಿ ಕಡೆಯ ಜಾತ್ರೆಯವರು ಗಾಡಿ ತಂದು ಮುತ್ಯಾನ ಮನೆ ಮುಂದೆ ನಿಲ್ಲಿಸಿದರು. ಮುತ್ಯಾ ಧೋತ್ರ ಸರಿಮಾಡಿಕೊಂಡು ಹೊರಬಂದ.

‘ಪದ ಹಾಡಿದ್ರ ಎಷ್ಟ್ ಕೊಡ್ತೀರಿ?’

‘ಶಾಲು, ಕಾಯಿ ಅದಾವ್ರಿ ಮುತ್ಯಾ.’

‘ಬೈದ್ರ?’

‘ಐದು ಸಾವಿರ.’

ಮುತ್ಯಾ ಗಂಟಲು ಸರಿಮಾಡಿಕೊಂಡ. ‘ಅವ್ವ ಅಪ್ಪನ್ ಸೇರ್ಸಿ ಬೈದ್ರ?’